ಬದುಕು ಬದಲಿಸಿದ್ದು ರೈಲೋ, ಕಾಯ್ದೆಯೋ?

1884ರಲ್ಲಿ ಗದಗಿಗೆ ರೈಲು ಬಂದಿತು. ಎರೆಹೊಲಗಳ ಹತ್ತಿಗೆ ದೂರದ ಪೇಟೆಗಳು ಹತ್ತಿರವಾದವು. ಆದರೆ ಬಿತ್ತನೆಗೆ ಸಾಲ ಮಾಡಿದ ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು ರೈಲಿನ ಕೈಲಾಗಲಿಲ್ಲ. ಅದಕ್ಕೆ 1904ರ ಸಹಕಾರ ಕಾಯ್ದೆಯೇ ಬೇಕಾಯಿತು. ಮರುವರ್ಷ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಗೆ ದಾರಿ ತೋರಿದ ಈ ಸಂಘಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ಲೆಕ್ಕದ ಪುಸ್ತಕ, ಊರವರ ಪರಸ್ಪರ ನಂಬಿಕೆ ಸಾಕಾದವು. ಈ ನಾಡಿನ ಅತಿ ದೊಡ್ಡ ಸಾಧನೆ ಇದೇ ಎನ್ನಬೇಕು.

ಆಡಳಿತದ ಗಡಿಗಳೂ ದಿನನಿತ್ಯದ ಬದುಕನ್ನು ತಿದ್ದಿದವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಸ್ವಾತಂತ್ರ್ಯಾನಂತರ ಎರಡೂ ಧಾರವಾಡ ಜಿಲ್ಲೆಗೆ ಸೇರಿ, 1956ರಲ್ಲಿ ಏಕೀಕೃತ ರಾಜ್ಯದೊಳಗೆ ಬಂದವು. 1997ರಲ್ಲಿ ಗದಗ ಜಿಲ್ಲೆಯಾದಾಗ ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಅಲೆಯುವುದು ತಪ್ಪಿತು.

ನೀರಿನ ವಿಷಯದಲ್ಲಿ ಮಾತ್ರ ಯಂತ್ರ, ಆಡಳಿತ ಎರಡನ್ನೂ ಬೇರ್ಪಡಿಸಲಾಗದು. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ತುಂಗಭದ್ರೆಗೆ ಬ್ಯಾರೇಜು ಕಟ್ಟಲಾಗಿದೆ. ನೀರನ್ನು ಮೇಲೆತ್ತುವುದು ಪಂಪು. ಅದು ಯಾವ ಹೊಲಕ್ಕೆ, ಎಷ್ಟು ಹರಿಯಬೇಕು, ಹಿನ್ನೀರಿಗೆ ಸಿಕ್ಕ ಹಳ್ಳಿಗರಿಗೆ ಎಷ್ಟು ಪರಿಹಾರ ಸಿಗಬೇಕು ಎಂಬುದು ಸರ್ಕಾರದ ತೀರ್ಮಾನ.