ಡ್ರೋನ್ ಯಂತ್ರದ ಭಾಗಗಳನ್ನು ಅಣಿಗೊಳಿಸುವ ಕ್ರಮ

ಕಳೆದ ವರುಷ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಬಾಲಿಕೆಯರು ನಾಲ್ಕು ಪ್ರೊಪೆಲರುಗಳುಳ್ಳ ಡ್ರೋನ್ ಯಂತ್ರವೊಂದನ್ನು ತಮ್ಮ ಕೈಯಿಂದಲೇ ಕಟ್ಟಿದ ಸಂಗತಿಯು ಪೋಷಕರಲ್ಲಿ ಅನೇಕರಿಗೆ ತಿಳಿದೇ ಇದೆ. ಅದು ಬಿದ್ದ ಸಂಗತಿಯೂ ತಿಳಿದಿದೆ. ನೆಲದಿಂದ ಎದ್ದ ಯಂತ್ರವು ನಿಂತಲ್ಲಿ ನಿಲ್ಲದೆ, ಗಾಣದ ಎತ್ತಿನ ಹಾಗೆ ಸುತ್ತತೊಡಗಿ, ಸುತ್ತು ಸುತ್ತಿಗೂ ದೊಡ್ಡದಾಗುತ್ತಾ ಹೋಗಿ, ಕಡೆಗೆ ಮೈದಾನದ ಅಂಚಿನ ಹಲಸಿನ ಮರಕ್ಕೆ ತಗಲಿ ಕೆಳಗುರುಳಿತು. ಯಾರಿಗೂ ಗಾಯವಾಗಲಿಲ್ಲವೆಂಬದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅದಕ್ಕೆ ಹತ್ತೇ ನಿಮಿಷ ಮುಂಚೆ ಎಂಟನೆಯ ತರಗತಿಯ ಮಕ್ಕಳು ಆ ಮರದಡಿಯಲ್ಲಿ ಊಟಕ್ಕೆ ಕುಳಿತಿದ್ದರೆಂಬದನ್ನು ನಾವು ಮರೆಯಲಾರೆವು.

ಮರುದಿನ ಒಬ್ಬ ತಂದೆಯವರು ಬಂದು, "ಅಮ್ಮನವರೇ, ಹೆಣ್ಣುಮಕ್ಕಳಿಗೆ ಈ ಉಸಾಬರಿ ಯಾತಕ್ಕೆ? ಅದು ಯಾಕೆ ಬಿತ್ತೆಂದಾದರೂ ನಿಮಗೆ ಗೊತ್ತಿದೆಯೋ?" ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ನಾವು ಆಗಲೇ ಉತ್ತರ ಕೊಟ್ಟೆವು. ಎರಡನೆಯದಕ್ಕೆ ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಈಗ ಇರುವದರಿಂದ ಅದನ್ನು ಇಲ್ಲಿ ಬರೆಯುತ್ತೇವೆ.

ನಾಲ್ಕು ರೆಕ್ಕೆಗಳಿಂದ ಹಾರುವದು ಹೊಸ ವಿಚಾರವಲ್ಲ. ೧೯೨೪ರಲ್ಲಿಯೇ ಫ್ರಾನ್ಸ್ ದೇಶದ ಏಟಿಯೆನ್ ಎಮಿಶೆನ್ ಎಂಬವರು ನಾಲ್ಕು ದೊಡ್ಡ ತಿರುಗುರೆಕ್ಕೆಗಳ ಯಂತ್ರದಲ್ಲಿ ಕುಳಿತು ಒಂದು ಕಿಲೋಮೀಟರಿನ ಸುತ್ತನ್ನು ಪೂರೈಸಿದರು. ಆಗ ಸಮತೋಲವನ್ನು ಕಾಯುವ ಭಾರವೆಲ್ಲಾ ಚಾಲಕನ ಮೇಲಿತ್ತು. ಈಗ ಬೆಂಕಿಪೆಟ್ಟಿಗೆಯ ಗಾತ್ರದ ಹಾರಾಟ ನಿಯಂತ್ರಕವು ಆ ಕೆಲಸವನ್ನು ಸೆಕೆಂಡಿಗೆ ನೂರಾರು ಸಾರಿ ಮಾಡುತ್ತದೆ. ಎದುರುಬದುರು ಮೂಲೆಗಳ ಎರಡು ಮೋಟಾರುಗಳು ಗಡಿಯಾರದ ಮುಳ್ಳಿನಂತೆಯೂ ಉಳಿದೆರಡು ಅದಕ್ಕೆ ವಿರುದ್ಧವಾಗಿಯೂ ತಿರುಗುತ್ತವೆ. ಇವುಗಳ ವೇಗಗಳನ್ನು ಹೆಚ್ಚುಕಡಿಮೆ ಮಾಡುವದರಿಂದಲೇ ಯಂತ್ರವು ಬಾಗುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಆದರೆ ನಿಯಂತ್ರಕವು ತನಗೆ ಬಂದ ವರದಿಯನ್ನು ನಂಬಿ ನಡೆಯುವ ಸೇವಕನಷ್ಟೇ. ವರದಿ ಸುಳ್ಳಾದರೆ ಕೆಲಸವೂ ಸುಳ್ಳಾಗುವದು.

ಈ ಯಂತ್ರದ ಚೌಕಟ್ಟು ಮೂಲೆಯಿಂದ ಮೂಲೆಗೆ ೪೫ ಸೆಂಟಿಮೀಟರು. ಇಷ್ಟರಲ್ಲಿ ಬ್ಯಾಟರಿ, ನಾಲ್ಕು ಮೋಟಾರುಗಳು, ಅವುಗಳಿಗೊಂದೊಂದು ವೇಗ ನಿಯಂತ್ರಕ, ಹಾರಾಟ ನಿಯಂತ್ರಕ, ಉಪಗ್ರಹಗಳಿಂದ ಸ್ಥಳವನ್ನು ತಿಳಿಯುವ ಜಿ.ಪಿ.ಎಸ್., ಅದರೊಡನೆ ದಿಕ್ಸೂಚಿ, ರೇಡಿಯೋ ಗ್ರಾಹಕ, ಇವೆಲ್ಲಾ ಕೂಡಬೇಕು. ಭಾರವಾದದ್ದು ನಡುವೆ ಇರಬೇಕು. ಹೆಚ್ಚು ವಿದ್ಯುತ್ತು ಹರಿಯುವ ತಂತಿಗಳು ಗಿಡ್ಡವಾಗಿರಬೇಕು. ಸೂಕ್ಷ್ಮವಾದ ಉಪಕರಣಗಳು ಆ ತಂತಿಗಳಿಂದ ದೂರವಿರಬೇಕು. ಮೂರೂ ಒಂದಕ್ಕೊಂದು ಅಡ್ಡ ಬರುತ್ತವೆ. ಅಡಿಗೆಮನೆಯಲ್ಲಿ ಒಲೆ, ನೀರು, ಉಗ್ರಾಣಗಳ ಸ್ಥಳವನ್ನು ಗೊತ್ತುಮಾಡಿದವರಿಗೆ ಈ ಕಷ್ಟವು ಅಪರಿಚಿತವಲ್ಲ.

ನಮ್ಮ ಬಾಲಿಕೆಯರು ಮೊದಲು ಏನು ಮಾಡಿದ್ದರು? ಬ್ಯಾಟರಿಯ ಕೆಂಪು ತಂತಿಯನ್ನು ಚೌಕಟ್ಟಿನ ಒಂದು ಮಗ್ಗುಲಿಗೂ ಕಪ್ಪು ತಂತಿಯನ್ನು ಇನ್ನೊಂದು ಮಗ್ಗುಲಿಗೂ, ಎರಡು ಜಡೆ ಹಾಕಿದಂತೆ ಒಯ್ದು, ನಡುವೆ ಮೇಲಿನ ತಟ್ಟೆಯ ಮೇಲೆ ದಿಕ್ಸೂಚಿಯನ್ನು ಅಂಟಿಸಿದ್ದರು. ಅದನ್ನು ನೋಡಿ ಬಹಳ ಅಚ್ಚುಕಟ್ಟೆಂದು ಮೆಚ್ಚಿದವರು ನಾವೇ. ಹದಿನೆಂಟು ವರುಷ ಹತ್ತನೆಯ ತರಗತಿಗೆ ಭೌತಶಾಸ್ತ್ರವನ್ನು ಕಲಿಸಿದ ನಮಗೆ ಅಲ್ಲಿಯ ತಪ್ಪು ಕಾಣಲಿಲ್ಲವೆಂದು ಬರೆಯಲು ನಾಚಿಕೆಯಾಗುತ್ತದೆ. ಯಾಕಂದರೆ ಅದು ೧೮೨೦ರಲ್ಲಿ ಕೋಪನ್‌ಹೇಗನ್ನಿನ ಅರ್ಸ್ಟೆಡ್ ಪಂಡಿತರು ಕಂಡುಹಿಡಿದ ಪಾಠವೇ: ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಸರಿಯುತ್ತದೆ. ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಿದವರೇ.

ಲೆಕ್ಕವು ಚಿಕ್ಕದು. ಯಂತ್ರವು ಗಾಳಿಯಲ್ಲಿ ನಿಲ್ಲುವದಕ್ಕೆ ಸುಮಾರು ೨೦ ಆಂಪಿಯರ್ ಬೇಕು. ನೆಟ್ಟಗಿನ ಒಂಟಿ ತಂತಿಯಲ್ಲಿ ಇಷ್ಟು ಹರಿದರೆ ೫ ಸೆಂಟಿಮೀಟರಿನ ದೂರದಲ್ಲಿ ೮೦ ಮೈಕ್ರೋಟೆಸ್ಲಾ ಕಾಂತಕ್ಷೇತ್ರವುಂಟಾಗುತ್ತದೆ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರವು ಸುಮಾರು ೪೦ ಮಾತ್ರ. ಅಂದರೆ ಪಾಪದ ದಿಕ್ಸೂಚಿಗೆ ಭೂಮಿಯ ಮಾತಿಗಿಂತ ತಂತಿಯ ಮಾತೇ ಗಟ್ಟಿಯಾಗಿ ಕೇಳಿಸಿತು. ಮೇಜಿನ ಮೇಲೆ ಪರೀಕ್ಷಿಸುವಾಗ ಮೋಟಾರುಗಳು ತಿರುಗುತ್ತಿರಲಿಲ್ಲವಾದದರಿಂದ ಅದು ಉತ್ತರವನ್ನು ಸರಿಯಾಗಿಯೇ ತೋರಿಸಿತ್ತು. ಹಾರಿದ ಮೇಲೆ ದಿಕ್ಕು ತಪ್ಪಿತು. ನಿಯಂತ್ರಕವು ಸ್ಥಳಕ್ಕೆ ಮರಳಲು ಪ್ರಯತ್ನಿಸಿದಷ್ಟೂ ಓರೆಯಾಗಿ ಹೋಗಿ ಸುತ್ತುಬಿದ್ದಿತು.

ಪರಿಹಾರವು ಎರಡು ವಿಧ. ಕೆಂಪು, ಕಪ್ಪು ತಂತಿಗಳನ್ನು ಒಂದರ ಮೇಲೊಂದು ಹುರಿಮಾಡಿ ಒಯ್ದರೆ, ಹೋಗುವ ಮತ್ತು ಬರುವ ವಿದ್ಯುತ್ತುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸುತ್ತವೆ. ದಿಕ್ಸೂಚಿಯನ್ನೂ ಜಿ.ಪಿ.ಎಸ್. ಅನ್ನೂ ಒಂದು ಗೇಣಿಗೆ ಸ್ವಲ್ಪ ಕಡಿಮೆಯಾದ ಕಂಬದ ಮೇಲೆ ಏರಿಸಿದರೆ ಉಳಿದದ್ದೂ ಕ್ಷೀಣವಾಗುವದು, ಜಿ.ಪಿ.ಎಸ್. ಆಕಾಶವನ್ನೂ ಚೆನ್ನಾಗಿ ನೋಡುವದು. ಕಂಬದ ತಿರುಪುಗಳು ಕಬ್ಬಿಣದವುಗಳಾಗಿರಕೂಡದು.

ಈ ಸಾರಿ ಬೆಸುಗೆಯ ಕಡ್ಡಿಯನ್ನು ಮುಟ್ಟುವ ಮುಂಚೆ ರಟ್ಟಿನಲ್ಲಿ ಚೌಕಟ್ಟನ್ನು ಪೂರ್ಣ ಅಳತೆಯಲ್ಲಿ ಕತ್ತರಿಸಿರೆಂದು ಹೇಳಿದೆವು. ರವಿಕೆಯ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೆಯ ವೃತ್ತಪತ್ರಿಕೆಯಲ್ಲಿ ಅಳತೆ ಕತ್ತರಿಸುವದನ್ನು ಹೊಲಿಗೆಯ ತರಗತಿಯಲ್ಲಿ ಕಲಿತ ತಾಯಂದಿರು ಇದನ್ನು ಕೂಡಲೇ ಗ್ರಹಿಸುವರು. ಪ್ರತಿಯೊಂದು ಭಾಗಕ್ಕೂ ಅದರದೇ ಗಾತ್ರದ ಕಾಗದದ ತುಂಡು, ಅದರ ಮೇಲೆ ತೂಕ. ತಂತಿಗಳಿಗೆ ಕೆಂಪು, ಕಪ್ಪು, ಹಳದಿ ನೂಲು. ನೂಲನ್ನು ಬೇಕಾದಷ್ಟು ಸಾರಿ ಬಿಚ್ಚಬಹುದು. ಬಾಲಿಕೆಯರು ಮೂರು ದಿನ ಬಿಚ್ಚಿದರು, ಜಗಳವಾಡಿದರು, ಮತ್ತೆ ಕಟ್ಟಿದರು.

ಕಡೆಗೆ ಗೊತ್ತಾದ ವ್ಯವಸ್ಥೆ ಹೀಗಿದೆ. ಸುಮಾರು ೪೦೦ ಗ್ರಾಮಿನ ಬ್ಯಾಟರಿ ನಡುವೆ, ಹಿಂದುಮುಂದಕ್ಕೆ ಸರಿಸಿ ಕಟ್ಟುವಂತೆ; ಎರಡು ಬೆರಳುಗಳ ಮೇಲೆ ಚೌಕಟ್ಟನ್ನು ಎತ್ತಿದರೆ ತಕ್ಕಡಿಯಂತೆ ನಿಲ್ಲಬೇಕು. ವೇಗ ನಿಯಂತ್ರಕಗಳು ತೋಳುಗಳ ಮೇಲೆ, ಪ್ರೊಪೆಲರಿನ ಗಾಳಿಯಿಂದ ತಣ್ಣಗಾಗುವಂತೆ. ಹಾರಾಟ ನಿಯಂತ್ರಕವು ಸರಿಯಾಗಿ ಮಧ್ಯದಲ್ಲಿ, ಬಾಣದ ಗುರುತು ಮುಂದಕ್ಕೆ, ಮೋಟಾರುಗಳ ನಡುಕ ತಾಗದಂತೆ ಮೆತ್ತನೆಯ ಸ್ಪಂಜಿನ ಮೇಲೆ. ಅದರೊಳಗಿನ ವಾಯುಭಾರಮಾಪಕಕ್ಕೂ ಒಂದು ಸ್ಪಂಜಿನ ಹೊದಿಕೆ ಬೇಕು. ಇಲ್ಲದಿದ್ದರೆ ರೆಕ್ಕೆಯ ಗಾಳಿಯನ್ನೇ ಎತ್ತರದ ವ್ಯತ್ಯಾಸವೆಂದು ತಿಳಿಯುವದು. ರೇಡಿಯೋ ಗ್ರಾಹಕದ ಎರಡು ಆಂಟೆನಾಗಳನ್ನು ಒಂದಕ್ಕೊಂದು ಲಂಬವಾಗಿ, ತಂತಿಗಳಿಗೆ ದೂರವಾಗಿ ನಿಲ್ಲಿಸಿದರು.

ಬ್ಯಾಟರಿಯ ವಿಷಯದಲ್ಲಿ ತಾಯಂದಿರ ಭಯವು ನ್ಯಾಯವಾದದ್ದೇ. ಮೂರು ಕೋಶಗಳ ಲಿಥಿಯಂ ಬ್ಯಾಟರಿ ಪೂರ್ಣ ತುಂಬಿದಾಗ ೧೨.೬ ವೋಲ್ಟ್ ಇರುತ್ತದೆ. ಅದರ ಎರಡು ತಂತಿಗಳು ತಪ್ಪಿ ಕೂಡಿದರೆ ಕ್ಷಣಮಾತ್ರದಲ್ಲಿ ಬೆಂಕಿಯುಂಟಾಗಬಹುದು. ಆದದರಿಂದ ಮೊದಲನೆಯ ಸಾರಿ ಬ್ಯಾಟರಿಯನ್ನು ಜೋಡಿಸುವಾಗ ನಡುವೆ ಕಾರಿನ ೧೨ ವೋಲ್ಟಿನ ಬಲ್ಬೊಂದನ್ನು ಸೇರಿಸುತ್ತೇವೆ. ಬಲ್ಬು ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ತಂತಿ ಕೂಡಿದೆಯೆಂದರ್ಥ. ಮಿನುಗಿ ಆರಿದರೆ ಕ್ಷೇಮ. ಮೇಜಿನ ಮೇಲೆ ಇರುವಷ್ಟು ಕಾಲ ಪ್ರೊಪೆಲರುಗಳು ನಮ್ಮ ಬೀರುವಿನಲ್ಲಿ, ಬೀಗದ ಕೈ ನಮ್ಮ ಸೊಂಟದಲ್ಲಿ.

ಬ್ಯಾಟರಿಯ ಧಾರಣೆ ೫ ಆಂಪಿಯರ್-ಗಂಟೆ. ಐದರಲ್ಲಿ ನಾಲ್ಕು ಪಾಲನ್ನೇ ಉಪಯೋಗಿಸಿದರೆ ೧೨ ನಿಮಿಷದ ಹಾರಾಟ ಸಿಕ್ಕುತ್ತದೆ. ನಾವು ಎಂಟಕ್ಕೆ ಇಳಿಸುತ್ತೇವೆ.

ಹಾರಿಸುವ ಮುಂಚೆ ಇನ್ನೊಂದು ಪರೀಕ್ಷೆ ಉಂಟು. ಯಂತ್ರವು ನೆಲವನ್ನು ಒತ್ತುವಂತೆ ಪ್ರೊಪೆಲರುಗಳನ್ನು ಸ್ಥಳ ಬದಲಾಯಿಸಿ ಹಾಕಿ, ಎಲ್ಲರೂ ದೂರ ನಿಂತು ಮೋಟಾರುಗಳನ್ನು ಏರಿಸುವದು. ವಿದ್ಯುತ್ತು ಹೆಚ್ಚಿದಂತೆ ದಿಕ್ಸೂಚಿಯು ಎಷ್ಟು ಕೆಡುತ್ತದೆಂಬದನ್ನು ಆರ್ಡುಪೈಲಟ್ ತಂತ್ರಾಂಶವು ನೂರಕ್ಕೆ ಇಷ್ಟೆಂದು ತಿಳಿಸುತ್ತದೆ. ೩೦ರೊಳಗಿದ್ದರೆ ಸಾಕು, ೬೦ ದಾಟಿದರೆ ಹಾರಿಸಕೂಡದು. ಹಳೆಯ ಯಂತ್ರವನ್ನು ರಿಪೇರಿಮಾಡಿ ಹಾಗೆಯೇ ಅಳೆದೆವು, ೬೦ನ್ನು ಮೀರಿತ್ತು. ಹೊಸ ವ್ಯವಸ್ಥೆಯಲ್ಲಿ ೩೦ಕ್ಕೆ ಬಹಳ ಕೆಳಗಿತ್ತು. ಆ ಸಂಖ್ಯೆಯನ್ನು ಓದಿದ ಬಾಲಿಕೆಯು ಎರಡು ಜಡೆಯ ಆಲೋಚನೆಯನ್ನು ಹೇಳಿದ್ದವಳೇ.

ಫೆಬ್ರವರಿಯ ಒಂದು ಶನಿವಾರ, ಮೈದಾನದಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ಅದನ್ನು ಹಾರಿಸಿದೆವು. ಆ ತಂದೆಯವರನ್ನೂ ಕರೆಸಿದ್ದೆವು. ಯಂತ್ರವು ತೆಂಗಿನ ಮರದ ಅರ್ಧ ಎತ್ತರದಲ್ಲಿ ನಿಂತಿತು. ಅವರು ಬಹಳ ಹೊತ್ತು ಮೇಲೆ ನೋಡಿ, ಆಮೇಲೆ ರಟ್ಟಿನ ನಕ್ಷೆಯನ್ನು ಕೇಳಿ ತೆಗೆದುಕೊಂಡು, ನೂಲುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಂಬಾಲಿಸಿದರು. ಈಗ ಅದು ಪ್ರಯೋಗಶಾಲೆಯ ಗೋಡೆಯ ಮೇಲಿದೆ. ಶಾಲಾ ದಿನಕ್ಕೆ ಬರುವವರು ನೋಡಬಹುದು.