ತಲೆಯ ಲೆಕ್ಕ, ಎಲೆಯ ಲೆಕ್ಕ

2022ರ ನವೆಂಬರಿನಲ್ಲಿ ಲೋಕದ ಜನಸಂಖ್ಯೆಯು 800 ಕೋಟಿಯನ್ನು ಮುಟ್ಟಿತು. ಮರುವರ್ಷವೇ ನಮ್ಮ ದೇಶವು ಚೀನವನ್ನು ಮೀರಿತು. ಭೂಮಿಯ ತಾಪವೇರುವುದಕ್ಕೆ ಬಡದೇಶಗಳ ಸಂತಾನವೃದ್ಧಿಯೇ ಕಾರಣವೆಂದು ಕೆಲವರು ಆಡುತ್ತಿರುವರು. ಈ ಆಪಾದನೆಯನ್ನು ನಾವು ಒಪ್ಪಲಾರೆವು. ಲೋಕದಲ್ಲಿ ನೂರಕ್ಕೆ ನಾಲ್ವರಷ್ಟಿರುವ ಅಮೆರಿಕದವರು, ಕಲ್ಲಿದ್ದಲು ಎಣ್ಣೆಗಳನ್ನು ಉರಿಸಿ ಈವರೆಗೆ ಗಾಳಿಗೆ ಸೇರಿಸಿದ ಇಂಗಾಲಾಮ್ಲದ ಸುಮಾರು ಕಾಲುಭಾಗಕ್ಕೆ ಹೊಣೆಗಾರರು. ತಲೆಗಳ ಎಣಿಕೆಗಿಂತ ತಲೆಯೊಂದರ ಭೋಗವೇ ಭೂಮಿಗೆ ಹೆಚ್ಚಿನ ಭಾರವೆಂಬುದು ಇದರಿಂದ ಸ್ಪಷ್ಟ.

ಹಾಗೆಂದು ನಾವು ನಿರ್ದೋಷಿಗಳೆಂದು ಬೀಗುವುದೂ ಸಲ್ಲದು. ಊಟದ ವಿಷಯವನ್ನೇ ನೋಡೋಣ. ದನಗಳ ಹೊಟ್ಟೆಯಿಂದ ಹೊರಡುವ ಮೀಥೇನ್ ಅನಿಲವೇ ನೀರು ನಿಂತ ಬತ್ತದ ಗದ್ದೆಯ ಕೆಸರಿನಿಂದಲೂ ಏಳುವುದು. ತಾಪವನ್ನು ಹಿಡಿದಿಡುವುದರಲ್ಲಿ ಅದು ಇಂಗಾಲಾಮ್ಲಕ್ಕಿಂತ ತೀಕ್ಷ್ಣವಾದುದು. ರಾಗಿಗಾದರೋ ನಿಂತ ನೀರು ಬೇಕಿಲ್ಲ. ದೇಶದಲ್ಲಿ ಅದನ್ನು ಅತ್ಯಧಿಕವಾಗಿ ಬೆಳೆಯುವ ನಾಡು ನಮ್ಮದೇ. ಆದರೂ ಪಟ್ಟಣಿಗರು ಅದನ್ನು ಬಡವರ ಕೂಳೆಂದು ಕಡೆಗಣಿಸಿ, ಬಿಳಿಯ ಅನ್ನವನ್ನೇ ಗೌರವದ ಗುರುತಾಗಿಸಿಕೊಂಡರು.

ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ವರ್ಷವು ಕಳೆಯಿತು, ಭಾಷಣಗಳೂ ಮುಗಿದವು. ಇನ್ನಾದರೂ ಅಧಿಕಾರಿಗಳೂ ವಿದ್ಯಾವಂತರೂ ತಮ್ಮ ಎಲೆಯ ಮೇಲೆ ಮುದ್ದೆಗೆ ನಿತ್ಯದ ಎಡೆ ಕೊಡಲಿ. ಪರರ ಭೋಗವನ್ನು ಪ್ರಶ್ನಿಸುವ ಅಧಿಕಾರವು ಆಗಲೇ ನಮಗೆ ಬರುವುದು.