ಯುದ್ಧ ಬೇಡವೆಂದ ಒಂದು ಪತ್ರಿಕೆ

1905ರಲ್ಲಿ ಜಪಾನು ರಷ್ಯವನ್ನು ಸೋಲಿಸಿದ ವಾರ್ತೆಯು ಭರತಖಂಡದಲ್ಲಿ ಬಹಳ ಹರ್ಷವನ್ನುಂಟುಮಾಡಿತು. ಪರಾಧೀನರಾದ ಜನಕ್ಕೆ ಅದು ಸಹಜವೇ. ಮುಂದೆ ಮೈಸೂರಿನ ದಿವಾನರಾದ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಆ ದೇಶವನ್ನು ಕಂಡುಬಂದಿದ್ದರು. ಅದರ ಉದ್ಯಮಶೀಲತೆ ನಮ್ಮವರಿಗೆ ಆದರ್ಶವೆನಿಸಿತ್ತು. ಆದರೆ ಅದೇ ಯುದ್ಧವು ಬೇಡವೆಂದು ಟೋಕಿಯೋ ನಗರದಲ್ಲಿಯೇ ವಾರವಾರವೂ ಅಚ್ಚುಹಾಕಿಸಿ ಸಾರಿದ ಜಪಾನೀಯರೂ ಇದ್ದರು.

'ಯೊರೊಜು ಚೋಹೊ' ಎಂಬ ದಿನಪತ್ರಿಕೆಯು 1903ರ ಅಕ್ಟೋಬರಿನಲ್ಲಿ ಯುದ್ಧಪಕ್ಷವನ್ನು ಹಿಡಿಯಲು, ಅದರ ಲೇಖಕರಾದ ಕೊತೊಕು ಶೂಸುಯಿ, ಸಕಾಯಿ ತೊಶಿಹಿಕೊ, ಉಚಿಮುರ ಕಾಂಜೊ ಎಂಬ ಮೂವರು ಕೆಲಸವನ್ನು ಬಿಟ್ಟು ಹೊರಬಂದರು. ಉಚಿಮುರ ಕ್ರೈಸ್ತ, ಉಳಿದಿಬ್ಬರು ಸಮಾಜವಾದಿಗಳು. ಈ ಇಬ್ಬರು ನವೆಂಬರ್ 15ರಂದು 'ಹೇಮಿನ್ ಶಿಂಬುನ್' ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. 'ಹೇಮಿನ್' ಎಂದರೆ ಸಾಮಾನ್ಯ ಜನ. ಅಕ್ಷರಾರ್ಥವನ್ನು ಹಿಡಿದರೆ 'ಸಮಜನ'. 'ಶಿಂಬುನ್' ಎಂದರೆ ಹೊಸದಾಗಿ ಕೇಳಿದ್ದು. ನಮ್ಮ 'ವೃತ್ತ' ನಡೆದದ್ದನ್ನು ಹೇಳಿದರೆ ಅವರ ಶಬ್ದ ಕೇಳಿದ್ದನ್ನು ಹೇಳುತ್ತದೆ. ಪತ್ರಿಕಾಕರ್ತರು ಈ ಭೇದವನ್ನು ಯೋಚಿಸಬಹುದು!

1904ರ ಫೆಬ್ರವರಿಯಲ್ಲಿ ಯುದ್ಧ ಮೊದಲಾಯಿತು. ಮಾರ್ಚಿಯಲ್ಲಿ ಪತ್ರಿಕೆಯು ರಷ್ಯದ ಸಮಾಜವಾದಿಗಳನ್ನು ಸೋದರರೆಂದು ಸಂಬೋಧಿಸಿ ಬಹಿರಂಗ ಪತ್ರವನ್ನು ಬರೆಯಿತು. ಅವರ 'ಇಸ್ಕ್ರ' ಪತ್ರಿಕೆ ಆದರದಿಂದ ಉತ್ತರಿಸಿತು. ಶತ್ರುವಿನ ಪ್ರಜೆ ಶತ್ರುವಲ್ಲವೆಂಬ ಈ ಮಾತನ್ನು ಸರ್ಕಾರ ಹೇಗೋ ಸಹಿಸಿತು. ಸಹಿಸದೆ ಹೋದದ್ದು ಅದೇ ತಿಂಗಳಿನ ಇನ್ನೊಂದು ಲೇಖನವನ್ನು. ಯುದ್ಧದ ವೆಚ್ಚಕ್ಕಾಗಿ ಭೂಕಂದಾಯವೇ ಮೊದಲಾದ ತೆರಿಗೆಗಳು ಏರಿದ್ದವು. ಆ ಭಾರವನ್ನು ಹೊರುವವರಾರೆಂದು ಅದು ಕೇಳಿತು. ಸಕಾಯಿಗೆ ಎರಡು ತಿಂಗಳ ಸೆರೆಮನೆಯಾಯಿತು. ಮಳೆಯನ್ನೇ ನಂಬಿ ಹೊಲ ಮಾಡುವ ಪಾವಗಡ, ಮಧುಗಿರಿ ಸೀಮೆಯವರಿಗೆ ಆ ಪ್ರಶ್ನೆಯ ತೀಕ್ಷ್ಣತೆಯನ್ನು ವಿವರಿಸಬೇಕಾಗಿಲ್ಲ.

ಆಗಸ್ಟಿನಲ್ಲಿ ಟಾಲ್‌ಸ್ಟಾಯರ ಯುದ್ಧವಿರೋಧಿ ಪ್ರಬಂಧವು ಅನುವಾದವಾಗಿ ಪ್ರಕಟವಾಯಿತು. ಮನುಷ್ಯರು ಧರ್ಮವನ್ನು ಮರೆತದ್ದೇ ಯುದ್ಧಕ್ಕೆ ಕಾರಣವೆಂದು ಟಾಲ್‌ಸ್ಟಾಯರು ಹೇಳಿದರೆ, ರಾಷ್ಟ್ರಗಳ ಆರ್ಥಿಕ ಸ್ಪರ್ಧೆಯೇ ಕಾರಣವೆಂದು ಕೊತೊಕು ವಾದಿಸಿದನು. ಪೂಜ್ಯರ ಲೇಖನವನ್ನು ಅಚ್ಚುಮಾಡಿಯೂ ಅವರೊಡನೆ ಭಿನ್ನಾಭಿಪ್ರಾಯವನ್ನು ತಿಳಿಸಿದ ಆ ನಿಷ್ಠುರತೆ ನನಗೆ ಬಹಳ ಮೆಚ್ಚಿಗೆಯಾದುದು.

ಉಪಾಧ್ಯಾಯ ಬಂಧುಗಳು ವಿಶೇಷವಾಗಿ ಗಮನಿಸಬೇಕಾದುದು ನವೆಂಬರ್ 6ರ ಸಂಚಿಕೆ. ಅದರಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನೇ ಉದ್ದೇಶಿಸಿದ ಲೇಖನವೊಂದಿತ್ತು. ಯುದ್ಧದ ವಿಷಯದಲ್ಲಿ ಶಿಕ್ಷಕರ ನಿಲುವನ್ನು ಕುರಿತು ಮತ್ತೊಂದಿತ್ತು. ಸರ್ಕಾರವು ಮೊಕದ್ದಮೆ ಹೂಡಿತು. ಕೊತೊಕುವಿಗೆ ಐದು ತಿಂಗಳು, ಜತೆಗಾರ ನಿಶಿಕಾವ ಕೊಜಿರೊಗೆ ಏಳು ತಿಂಗಳು ಸೆರೆಯಾಯಿತು. ರಣರಂಗದ ಸುದ್ದಿಗಿಂತ ಪಾಠಶಾಲೆಯ ಸುದ್ದಿಗೆ ಆಳುವವರು ಹೆಚ್ಚು ಬೆದರಿದರೆಂದು ಕಾಣುತ್ತದೆ. ಮರುವಾರದ ಸಂಚಿಕೆಯಲ್ಲಿ ಮಾರ್ಕ್ಸ್, ಏಂಗೆಲ್ಸರ ಪ್ರಣಾಳಿಕೆಯ ಅನುವಾದ ಬರಲು ಅದನ್ನೂ ನಿಷೇಧಿಸಲಾಯಿತು. 1905ರ ಜನವರಿ 29ರಂದು, ಮಾರ್ಕ್ಸನ ಪತ್ರಿಕೆಯ ಕಡೆಯ ಸಂಚಿಕೆಯಂತೆಯೇ, 64ನೆಯ ಸಂಚಿಕೆಯನ್ನು ಕೆಂಪು ಮಸಿಯಲ್ಲಿ ಅಚ್ಚುಮಾಡಿ ಪತ್ರಿಕೆಯನ್ನು ತಾವಾಗಿಯೇ ನಿಲ್ಲಿಸಿದರು.

ಅಲ್ಲಿ ಶಿಕ್ಷೆಗೆ ಮುಂಚೆ ನ್ಯಾಯಾಲಯದ ವಿಚಾರಣೆಯಾದರೂ ಇತ್ತು. ನಮ್ಮ ಮೈಸೂರಿನಲ್ಲಿ ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ ಬಂದ 1908ರ ಪತ್ರಿಕಾ ನಿಬಂಧನೆಯಾದರೋ, ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕೆಂದೂ ಆ ಅಪ್ಪಣೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದೆಂದೂ ವಿಧಿಸಿತು. ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದ ಪತ್ರಿಕಾಕರ್ತರು ಅದನ್ನು ವಿರೋಧಿಸಿದರು.

ಕೊತೊಕುವನ್ನು ಚಕ್ರವರ್ತಿಯ ಹತ್ಯೆಯ ಸಂಚಿನ ಆರೋಪದ ಮೇಲೆ 1911ರ ಜನವರಿ 24ರಂದು ಗಲ್ಲಿಗೇರಿಸಲಾಯಿತು. ಅವನ ಹುಟ್ಟೂರಾದ ನಕಮುರದ ನಗರಸಭೆಯು ಅವನನ್ನು ಗೌರವಿಸುವ ನಿರ್ಣಯವನ್ನು ಅಂಗೀಕರಿಸಿದ್ದು 2000ದಲ್ಲಿ.